ತಿಳಿಯದೆ ಒಪ್ಪದವರು, ತಿಳಿದೂ ಒಪ್ಪದವರು

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಅಲ್ಲಿನ ಕಥೋಲಿಕ ಧರ್ಮಸಭೆಯನ್ನು ತಲ್ಲಣಗೊಳಿಸಿತು. ಬಲಿಪೂಜೆಯಲ್ಲಿ ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸ (ಪರಮಪ್ರಸಾದ) ನಿಜವಾಗಿಯೇ ಕ್ರಿಸ್ತನ ಶರೀರ ಮತ್ತು ರಕ್ತವಾಗುತ್ತವೆ ಎಂಬುದು ಕಥೋಲಿಕ ವಿಶ್ವಾಸದ ಕೇಂದ್ರ. ಬಣ್ಣ, ರುಚಿ, ಆಕಾರ ರೊಟ್ಟಿಯದ್ದಾಗಿಯೇ ಉಳಿಯುತ್ತವೆ, ಆದರೆ ಅದರ ಸತ್ವ ಬದಲಾಗುತ್ತದೆ ಎಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಹೇಳಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಇನ್ನಷ್ಟು ಬಿಗಿಯಾದ ಮಾತುಗಳಲ್ಲಿ ದೃಢಪಡಿಸಿತು. ಪ್ಯೂ ಕೇಳಿದಾಗ ಅಮೆರಿಕದ ಕಥೋಲಿಕರಲ್ಲಿ ಇದನ್ನು ನಂಬುತ್ತೇವೆ ಎಂದವರು ಶೇ 31ರಷ್ಟು ಮಾತ್ರ. ಉಳಿದ ಹೆಚ್ಚುಕಡಿಮೆ ಎಲ್ಲರೂ ಅವು ಬರೀ ಸಂಕೇತಗಳು ಎಂದರು. ಆಗ ಲಾಸ್ ಏಂಜಲೀಸ್‌ನ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ರಾಬರ್ಟ್ ಬ್ಯಾರನ್ ಸಿಟ್ಟಿನಿಂದಲೇ ಪ್ರತಿಕ್ರಿಯಿಸಿ, ಇದು ಕಲಿಸಬೇಕಾದವರೆಲ್ಲರ ಸೋಲು ಎಂದರು. ಮೂರು ವರ್ಷಗಳ ಪರಮಪ್ರಸಾದ ಪುನರುಜ್ಜೀವನ ಅಭಿಯಾನ ಹೊರಟಿತು. ದೇಶದ ನಾಲ್ಕು ದಿಕ್ಕುಗಳಿಂದ ಯಾತ್ರೆಗಳು ಹೊರಟು, 2024ರ ಜುಲೈಯಲ್ಲಿ ಇಂಡಿಯಾನಾಪೊಲಿಸ್‌ನ ಕ್ರೀಡಾಂಗಣದಲ್ಲಿ ನಡೆದ ಸಮಾವೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು.

ಈ ಅಂಕಿಅಂಶ ಹೊರಬಿದ್ದ ಕೂಡಲೇ ಹಳೆಯ ವಾದವೊಂದಕ್ಕೆ ಹೊಸ ಬಲ ಬಂತು. ಆ ವಾದ ಹೀಗಿದೆ: ಕಳೆದ ಅರವತ್ತು ವರ್ಷಗಳಲ್ಲಿ ಧರ್ಮೋಪದೇಶ ಕುಸಿದಿದೆ, ಜನರಿಗೆ ತಮ್ಮ ಧರ್ಮವೇ ಗೊತ್ತಿಲ್ಲ, ಅದಕ್ಕಾಗಿಯೇ ಗರ್ಭನಿರೋಧ, ವಿಚ್ಛೇದನ, ಗರ್ಭಪಾತದಂಥ ವಿಷಯಗಳಲ್ಲಿ ಅವರು ಧರ್ಮಸಭೆಯ ಮಾತು ಮೀರುತ್ತಿದ್ದಾರೆ, ಸರಿಯಾಗಿ ಕಲಿಸಿದರೆ ಈ ಭಿನ್ನಮತ ತಾನಾಗಿ ಕರಗುತ್ತದೆ. ಕೇಳಲು ಇದು ಸಮಂಜಸವಾಗಿದೆ, ಮೊದಲರ್ಧ ನಿಜವೂ ಹೌದು. ಆದರೆ ಕೊನೆಯ ತೀರ್ಮಾನ ತಪ್ಪು ಎಂಬುದು ನನ್ನ ವಾದ. ತಿಳಿಯದಿರುವುದು ಒಂದು ಸಮಸ್ಯೆ, ತಿಳಿದೂ ಒಪ್ಪದಿರುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಅಮೆರಿಕದ ಧರ್ಮಸಭೆ ಒಂದನ್ನು ಅರೆಬರೆಯಾಗಿ ಚಿಕಿತ್ಸೆಗೊಳಪಡಿಸಿ, ಇನ್ನೊಂದನ್ನು ಮುಟ್ಟದೆಯೇ ಬಿಟ್ಟಿದೆ.

ಪ್ಯೂ ಸಮೀಕ್ಷೆಯ ಒಳಪುಟಗಳೇ ಇದಕ್ಕೆ ಮೊದಲ ಸಾಕ್ಷಿ. ಪತ್ರಿಕೆಗಳ ತಲೆಬರಹ ಶೇ 31ರಲ್ಲಿಗೇ ನಿಂತಿತು. ಒಳಗೆ ಹೋದರೆ ಇನ್ನೊಂದು ಚಿತ್ರವಿದೆ. ಸಮೀಕ್ಷೆ ಎರಡು ಪ್ರಶ್ನೆ ಕೇಳಿತ್ತು: ನೀವು ಏನು ನಂಬುತ್ತೀರಿ, ನಿಮ್ಮ ಧರ್ಮಸಭೆ ಏನು ಕಲಿಸುತ್ತದೆ. ಸಂಕೇತ ಎಂದು ಉತ್ತರಿಸಿದವರಲ್ಲಿ ಬಹುಪಾಲು ಜನ, ಅಂದರೆ ಒಟ್ಟು ಕಥೋಲಿಕರಲ್ಲಿ ಶೇ 43 ಮಂದಿ, ಧರ್ಮಸಭೆ ಕಲಿಸುವುದೂ ಅದನ್ನೇ ಎಂದು ಭಾವಿಸಿದ್ದರು. ತಮ್ಮ ಧರ್ಮದ ಬೋಧನೆ ಏನೆಂದು ತಿಳಿದೇ ಅದನ್ನು ಒಪ್ಪದವರು ಶೇ 22 ಮಾತ್ರ. ಮೊದಲ ಗುಂಪಿನವರನ್ನು ಭಿನ್ನಮತೀಯರು ಎನ್ನುವುದು ಅನ್ಯಾಯ. ಅವರು ಯಾವುದನ್ನೂ ತಿರಸ್ಕರಿಸಿಲ್ಲ, ತಾವು ಧರ್ಮಸಭೆಯ ಜೊತೆಯೇ ಇದ್ದೇವೆ ಎಂದುಕೊಂಡಿದ್ದಾರೆ. 2010ರಲ್ಲಿ ಅದೇ ಕೇಂದ್ರ ನಡೆಸಿದ ಧಾರ್ಮಿಕ ಜ್ಞಾನದ ಸಮೀಕ್ಷೆಯಲ್ಲೂ ಶೇ 45ರಷ್ಟು ಕಥೋಲಿಕರಿಗೆ ಈ ಬೋಧನೆ ಗೊತ್ತಿರಲಿಲ್ಲ. 2019ರ ಸಮೀಕ್ಷೆಯ ಪ್ರಶ್ನೆಯ ಪದಗಳೇ ದಾರಿ ತಪ್ಪಿಸುವಂತಿದ್ದವು, ಸಂಕೇತವೂ ಹೌದು ಸತ್ಯವೂ ಹೌದು ಎನ್ನುವ ಭಕ್ತರಿಗೆ ಉತ್ತರಿಸಲು ಅಲ್ಲಿ ಜಾಗವೇ ಇರಲಿಲ್ಲ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಅದು ಗಂಭೀರ ಆಕ್ಷೇಪವೇ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೊತೆಗಿರುವ ಸಂಶೋಧನಾ ಸಂಸ್ಥೆಯೊಂದು ಬೇರೆ ಬಗೆಯಲ್ಲಿ ಕೇಳಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರನೆಯ ಎರಡರಷ್ಟು ಜನ ಕ್ರಿಸ್ತನ ನಿಜ ಸಾನ್ನಿಧ್ಯವನ್ನು ನಂಬುವವರಾಗಿ ಕಂಡರು. ಆದರೆ ಆ ಅಧ್ಯಯನದಲ್ಲೂ ಧರ್ಮಸಭೆಯ ಬೋಧನೆ ಏನೆಂದು ಸರಿಯಾಗಿ ಗುರುತಿಸಿದವರು ಹೆಚ್ಚುಕಡಿಮೆ ಅರ್ಧದಷ್ಟೇ. ನಂಬಿಕೆಯ ಪ್ರಮಾಣದ ಬಗ್ಗೆ ವಾದಿಸಬಹುದು. ಅರಿವಿನ ಕೊರತೆಯ ಬಗ್ಗೆ ವಾದಿಸಲು ಹೆಚ್ಚೇನೂ ಉಳಿದಿಲ್ಲ.

ಈ ಕೊರತೆ ಹೇಗೆ ಬಂತು ಎಂಬುದರಲ್ಲಿ ರಹಸ್ಯವಿಲ್ಲ. 1960ರ ದಶಕದ ನಡುವೆ ಅಮೆರಿಕದ ಕಥೋಲಿಕ ಶಾಲೆಗಳಲ್ಲಿ ಸುಮಾರು 52 ಲಕ್ಷ ಮಕ್ಕಳು ಓದುತ್ತಿದ್ದರು. ಶಾಲೆಗಳ ಸಂಖ್ಯೆ ಹದಿಮೂರು ಸಾವಿರದ ಹತ್ತಿರವಿತ್ತು. ಆ ತರಗತಿಗಳಲ್ಲಿ ನಿಂತು ಪಾಠ ಹೇಳುತ್ತಿದ್ದವರು ಹೆಚ್ಚಾಗಿ ಧರ್ಮಭಗಿನಿಯರು; 1965ರಲ್ಲಿ ಅವರ ಸಂಖ್ಯೆ ಸುಮಾರು 1.8 ಲಕ್ಷ. ಈಗ ಧರ್ಮಭಗಿನಿಯರು ನಲವತ್ತು ಸಾವಿರಕ್ಕಿಂತ ಕಡಿಮೆ, ಶಾಲಾ ಮಕ್ಕಳು ಸುಮಾರು 17 ಲಕ್ಷ, ಶಾಲೆಗಳು ಆರು ಸಾವಿರದೊಳಗೆ. ದಿನವೂ ನಡೆಯುತ್ತಿದ್ದ ಬೋಧನೆ ಬಹುತೇಕ ಮಕ್ಕಳ ಪಾಲಿಗೆ ವಾರಕ್ಕೊಮ್ಮೆ ಧರ್ಮಕೇಂದ್ರದಲ್ಲಿ ಒಂದು ಗಂಟೆಯ ತರಗತಿಗೆ ಇಳಿದಿದೆ. ಕಲಿಸುವವರು ಸ್ವಯಂಸೇವಕರು, ಸಾಮಾನ್ಯವಾಗಿ ಅದೇ ಧರ್ಮಕೇಂದ್ರದ ತಂದೆತಾಯಂದಿರು. ಅವರ ಶ್ರದ್ಧೆ ದೊಡ್ಡದು, ಆದರೆ ಅವರಿಗೇ ಸಿಕ್ಕ ತರಬೇತಿ ಅಲ್ಪ. ಪಠ್ಯಗಳೂ ಸೊರಗಿದ್ದವು. 1997ರಲ್ಲಿ ಇಂಡಿಯಾನಾಪೊಲಿಸ್‌ನ ಮಹಾಧರ್ಮಾಧ್ಯಕ್ಷ ಡೇನಿಯಲ್ ಬ್ಯೂಕ್ಲೈನ್ ಅವರ ನೇತೃತ್ವದ ಸಮಿತಿ ಬಳಕೆಯಲ್ಲಿದ್ದ ಪಠ್ಯಗಳನ್ನು ಪರಿಶೀಲಿಸಿ ಹತ್ತು ಬಗೆಯ ಲೋಪಗಳನ್ನು ಪಟ್ಟಿ ಮಾಡಿತು. ಒಳ್ಳೆಯವರಾಗಿರಿ, ಪ್ರೀತಿಯಿಂದಿರಿ ಎಂಬ ಮಾತು ಪಠ್ಯಗಳಲ್ಲಿ ಧಾರಾಳವಾಗಿತ್ತು. ತ್ರಿತ್ವ, ಕೃಪೆ, ಸಂಸ್ಕಾರಗಳ ಬಗ್ಗೆ ಹೇಳಬೇಕಾದದ್ದು ತೆಳುವಾಗಿತ್ತು. ಹದಿಹರೆಯದ ನಡುವಿನಲ್ಲಿ ದೃಢೀಕರಣ ಸಂಸ್ಕಾರ ಮುಗಿಯುತ್ತಿದ್ದಂತೆ ಬಹುಪಾಲು ಮಕ್ಕಳ ಧರ್ಮಶಿಕ್ಷಣವೂ ಮುಗಿಯುತ್ತದೆ. ವೈದ್ಯಕೀಯ ಓದಿದ, ಕಾನೂನು ಓದಿದ ಮನುಷ್ಯ ಹದಿನಾಲ್ಕರ ವಯಸ್ಸಿನಲ್ಲಿ ಹೊಲಿಸಿದ ಅಂಗಿಯನ್ನೇ ಐವತ್ತರಲ್ಲೂ ತೊಡಲು ಹೆಣಗುವ ಹಾಗೆ ಆ ಬಾಲ್ಯದ ಉತ್ತರಗಳೊಂದಿಗೆ ಬದುಕಿನ ದೊಡ್ಡ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ.

ಹಾಗಾದರೆ ಹಳೆಯ ಪ್ರಶ್ನೋತ್ತರ ಪದ್ಧತಿಗೆ ಮರಳಿದರೆ ಸಾಕೇ? 1885ರಲ್ಲಿ ಬಂದ ಬಾಲ್ಟಿಮೋರ್ ಧರ್ಮೋಪದೇಶ ಪುಸ್ತಕದ 421 ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿದ ತಲೆಮಾರುಗಳಿಗೆ ಎಲ್ಲವೂ ಗೊತ್ತಿತ್ತು, ಆದ್ದರಿಂದ ಎಲ್ಲರೂ ವಿಧೇಯರಾಗಿದ್ದರು ಎಂಬ ನೆನಪು ಇಂದು ಬಲವಾಗಿದೆ. ಇತಿಹಾಸ ಆ ನೆನಪನ್ನು ಪೂರ್ತಿ ಬೆಂಬಲಿಸುವುದಿಲ್ಲ. ಕಥೋಲಿಕ ಜನ ತಮ್ಮ ಧರ್ಮವನ್ನು ಅರಿಯರು ಎಂಬ ದೂರು ಧರ್ಮಸಭೆಯಲ್ಲಿ ಬಹಳ ಹಿಂದಿನದು. ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ರೋಮಿನ ಧರ್ಮೋಪದೇಶ ಗ್ರಂಥ ಬಂದದ್ದೇ ಈ ಅಜ್ಞಾನದ ಭಯದಿಂದ. ನಮ್ಮ ಕರಾವಳಿಯ ಕೊಂಕಣಿ ಕಥೋಲಿಕರ ಭಾನುವಾರದ ‘ದೊತೊರ್ನ್’ ತರಗತಿಗಳ ಬೇರೂ ಅದೇ ಕಾಲದ ಉತ್ಸಾಹದಲ್ಲಿದೆ. ಗೋವೆಯ ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಧರ್ಮೋಪದೇಶ ಪುಸ್ತಕ ಅವರು ತೀರಿಕೊಂಡ ಮೇಲೆ 1622ರಲ್ಲಿ ರಾಯ್ತೂರಿನಲ್ಲಿ ಅಚ್ಚಾಯಿತು. ಇಷ್ಟೆಲ್ಲ ಆದ ಮೇಲೂ 1905ರಲ್ಲಿ ಪೋಪ್ ಹತ್ತನೆಯ ಪಿಯುಸ್ ಜನರ ಧಾರ್ಮಿಕ ಅಜ್ಞಾನವೇ ಆ ಕಾಲದ ಕೆಡುಕುಗಳಿಗೆ ಮುಖ್ಯ ಕಾರಣವೆಂದು ವಿಶ್ವಪತ್ರ ಬರೆದು, ಪ್ರತಿ ಭಾನುವಾರ ಒಂದು ಗಂಟೆ ಮಕ್ಕಳಿಗೆ ಕಲಿಸಲೇಬೇಕೆಂದು ಗುರುಗಳಿಗೆ ಆಜ್ಞೆ ಮಾಡಬೇಕಾಯಿತು. ಕಂಠಪಾಠ ಪದ್ಧತಿ ತನ್ನ ಉತ್ತುಂಗದಲ್ಲಿದ್ದ ಕಾಲವದು. 1936ರಲ್ಲಿ ಆಸ್ಟ್ರಿಯಾದ ಜೆಸ್ವಿತ್ ವಿದ್ವಾಂಸ ಯೋಸೆಫ್ ಯುಂಗ್‌ಮನ್ ಬೋಧನಾಕ್ರಮವೇ ಬದಲಾಗಬೇಕು ಎಂದು ಬರೆದದ್ದು, ಸೂತ್ರಗಳು ಬಾಯಲ್ಲಿವೆ, ಹೃದಯದಲ್ಲಿ ಶುಭಸಂದೇಶದ ಸಂತಸವಿಲ್ಲ ಎಂಬುದನ್ನು ಕಂಡೇ. ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಗಿದ್ದು ಅದಾದ ಇಪ್ಪತ್ತಾರು ವರ್ಷಗಳ ನಂತರ. ಹಳೆಯ ಪದ್ಧತಿಯನ್ನು ಮಹಾಸಭೆ ಹಾಳುಮಾಡಿತು ಎನ್ನುವವರು, ಆ ಪದ್ಧತಿಯ ಬಗ್ಗೆ ಅದರೊಳಗಿದ್ದವರಿಗೇ ಇದ್ದ ಅತೃಪ್ತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದಲಾವಣೆ ಬಂದಾಗ ಹೊಸದನ್ನು ಕಟ್ಟುವ ಮುನ್ನ ಹಳೆಯದನ್ನು ಕೆಡವಿದ ಆತುರ ಮಾತ್ರ ನಿಜವಾದ ತಪ್ಪು. ಅದಕ್ಕೆ ಬೆಲೆ ತೆತ್ತವರು ಮುಂದಿನ ಎರಡು ತಲೆಮಾರಿನ ಮಕ್ಕಳು.

ಈಗ ಇನ್ನೊಂದು ಸಮಸ್ಯೆಗೆ, ತಿಳಿದೂ ಒಪ್ಪದವರ ವಿಷಯಕ್ಕೆ ಬರೋಣ. ಕೃತಕ ಗರ್ಭನಿರೋಧವನ್ನು ಕಥೋಲಿಕ ಧರ್ಮಸಭೆ ನಿಷೇಧಿಸುತ್ತದೆ ಎಂಬುದು ಅಮೆರಿಕದಲ್ಲಿ ಕಥೋಲಿಕರಲ್ಲದವರಿಗೂ ಗೊತ್ತು. ಈ ಬೋಧನೆಯ ವಿಷಯದಲ್ಲಿ ಅಜ್ಞಾನದ ನೆಪಕ್ಕೆ ಜಾಗವಿಲ್ಲ. ಆದರೂ 2016ರ ಪ್ಯೂ ಸಮೀಕ್ಷೆಯಲ್ಲಿ ಗರ್ಭನಿರೋಧಕಗಳ ಬಳಕೆ ನೈತಿಕವಾಗಿ ತಪ್ಪು ಎಂದ ಕಥೋಲಿಕರು ಶೇ 8 ಮಾತ್ರ. ವಾರವಾರವೂ ಬಲಿಪೂಜೆಗೆ ಹೋಗುವವರಲ್ಲೂ ಆ ಪ್ರಮಾಣ ಶೇ 13ನ್ನು ದಾಟಲಿಲ್ಲ. ಇದನ್ನು ಪರಮಪ್ರಸಾದದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ವಾರವಾರ ಚರ್ಚಿಗೆ ಹೋಗುವವರಲ್ಲಿ ರೊಟ್ಟಿ ಕ್ರಿಸ್ತನ ಶರೀರವಾಗುತ್ತದೆ ಎಂದು ನಂಬುವವರು ಶೇ 63. ಅಂದರೆ ಚರ್ಚಿನ ಒಡನಾಟ, ಕೇಳಿದ ಪ್ರವಚನ, ಪೂಜೆಯ ಅಭ್ಯಾಸ ಒಂದು ವಿಷಯದಲ್ಲಿ ನಂಬಿಕೆಯನ್ನು ಇಮ್ಮಡಿಗೊಳಿಸುತ್ತವೆ. ಇನ್ನೊಂದು ವಿಷಯದಲ್ಲಿ ಅದೇ ಜನರ ಅಭಿಪ್ರಾಯವನ್ನು ಅಷ್ಟೇನೂ ಅಲುಗಿಸುವುದಿಲ್ಲ. ಎರಡೂ ಒಂದೇ ಕಾಯಿಲೆಯಾಗಿದ್ದರೆ ಒಂದೇ ಮದ್ದಿಗೆ ಹೀಗೆ ಬೇರೆ ಬೇರೆಯಾಗಿ ಸ್ಪಂದಿಸುತ್ತಿರಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ 1968ರ ಸುತ್ತಲಿನ ಇತಿಹಾಸದಲ್ಲಿದೆ. ಪೋಪ್ 23ನೆಯ ಜಾನ್ 1963ರಲ್ಲಿ ಜನನ ನಿಯಂತ್ರಣದ ಬಗ್ಗೆ ಒಂದು ಆಯೋಗ ನೇಮಿಸಿದರು. ಅವರ ನಂತರ ಬಂದ ಆರನೆಯ ಪೌಲ್ ಅದನ್ನು ದೊಡ್ಡದು ಮಾಡಿದರು. ಅದರಲ್ಲಿ ದೈವಶಾಸ್ತ್ರಜ್ಞರು, ವೈದ್ಯರು, ಜನಸಂಖ್ಯಾ ತಜ್ಞರು ಇದ್ದರು, ಕೊನೆಗೆ ಧರ್ಮಾಧ್ಯಕ್ಷರೂ ಸೇರಿದರು. ಷಿಕಾಗೋದ ಕ್ರೌಲಿ ದಂಪತಿ ಪ್ಯಾಟ್ ಮತ್ತು ಪ್ಯಾಟಿ, ಧರ್ಮಸಭೆ ಒಪ್ಪಿದ ಋತುಚಕ್ರದ ಲೆಕ್ಕಾಚಾರವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ ಕಥೋಲಿಕ ದಂಪತಿಗಳ ಪತ್ರಗಳನ್ನು ಸಂಗ್ರಹಿಸಿ ಆಯೋಗದ ಮುಂದಿಟ್ಟರು. ಅವುಗಳಲ್ಲಿದ್ದದ್ದು ದಾಂಪತ್ಯದ ಬಿಗುವು, ಭಯ, ದಣಿವು. 1966ರಲ್ಲಿ ಆಯೋಗದ ಬಹುಮತ ಬೋಧನೆ ಬದಲಾಗಬಹುದು ಎಂದಿತು. 1968ರ ಜುಲೈ ಕೊನೆಯಲ್ಲಿ ಹೊರಬಂದ ಆರನೆಯ ಪೌಲರ ‘ಹುಮಾನೆ ವಿತೆ’ ವಿಶ್ವಪತ್ರ ಆಗದು ಎಂದಿತು. ಮರುದಿನವೇ ವಾಷಿಂಗ್ಟನ್ನಿನಲ್ಲಿ ಚಾರ್ಲ್ಸ್ ಕರನ್ ಮುಂದಾಳತ್ವದಲ್ಲಿ 87 ದೈವಶಾಸ್ತ್ರಜ್ಞರು ಬಹಿರಂಗವಾಗಿ ಭಿನ್ನಮತ ಸೂಚಿಸಿದರು. ಮುಂದೆ ಸಹಿ ಹಾಕಿದವರ ಸಂಖ್ಯೆ 600 ದಾಟಿತು. ಮನೆಗಳಲ್ಲಿ ಆಗಲೇ ತೀರ್ಮಾನವಾಗಿತ್ತು. ಧರ್ಮಸಭೆ ಒಪ್ಪದ ವಿಧಾನಗಳನ್ನು ಬಳಸುತ್ತಿದ್ದ ವಿವಾಹಿತ ಕಥೋಲಿಕ ಮಹಿಳೆಯರು 1955ರಲ್ಲಿ ಶೇ 30ರಷ್ಟಿದ್ದದ್ದು 1970ರ ಹೊತ್ತಿಗೆ ಮೂರನೆಯ ಎರಡಕ್ಕೆ ಏರಿದ್ದನ್ನು ಚಾರ್ಲ್ಸ್ ವೆಸ್ಟಾಫ್ ಮತ್ತು ಲ್ಯಾರಿ ಬಂಪಸ್ 1973ರಲ್ಲಿ ತೋರಿಸಿದರು. ಈ ಮಹಿಳೆಯರು ಯಾರು? ತುಂಬಿ ತುಳುಕುತ್ತಿದ್ದ ಕಥೋಲಿಕ ಶಾಲೆಗಳ ಕಾಲದಲ್ಲಿ, ಬಾಲ್ಟಿಮೋರ್ ಪುಸ್ತಕವೇ ಪಠ್ಯವಾಗಿದ್ದ ಕಾಲದಲ್ಲಿ ಬೆಳೆದವರು. ಅಮೆರಿಕದ ಧರ್ಮಸಭೆ ಅತ್ಯಂತ ಶಿಸ್ತಿನಿಂದ ಕಲಿಸಿದ ತಲೆಮಾರೇ ಮೊದಲು ‘ಇಲ್ಲ’ ಎಂದದ್ದು. ಕಳಪೆ ಧರ್ಮೋಪದೇಶದಿಂದ ಭಿನ್ನಮತ ಹುಟ್ಟಿತು ಎನ್ನುವ ವಾದದ ಬಳಿ ಈ ಮಹಿಳೆಯರಿಗೆ ಉತ್ತರವಿಲ್ಲ.

ಇಲ್ಲಿ ಬರುವ ತೀಕ್ಷ್ಣವಾದ ಆಕ್ಷೇಪವನ್ನು ಎದುರಿಸಲೇಬೇಕು. ಅವರಿಗೆ ನಿಷೇಧ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಾರಣವನ್ನು ಮನಮುಟ್ಟುವಂತೆ ಕಲಿಸಿದ್ದರೆ ಒಪ್ಪುತ್ತಿದ್ದರು ಎಂಬುದು ಆ ಆಕ್ಷೇಪ. ಎರಡನೆಯ ಜಾನ್ ಪೌಲ್ 1979ರಿಂದ 1984ರವರೆಗೆ ಬುಧವಾರಗಳ ಭಾಷಣಗಳಲ್ಲಿ ದೇಹ, ಪ್ರೀತಿ, ದಾಂಪತ್ಯದ ಬಗ್ಗೆ ವಿಸ್ತಾರವಾದ ಚಿಂತನೆಯನ್ನು ಕಟ್ಟಿಕೊಟ್ಟದ್ದು ಇದೇ ಆಶಯದಿಂದ, ಅದರಿಂದ ಬದುಕಿನ ದಾರಿ ಕಂಡುಕೊಂಡ ದಂಪತಿಗಳೂ ಇದ್ದಾರೆ. ಆಕ್ಷೇಪದ ಅರ್ಧವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ: ಕಾರಣ ಹೇಳದೆ ನಿಷೇಧ ಮಾತ್ರ ಹೇಳುವುದು ಬೋಧನೆಯೇ ಅಲ್ಲ. ಆದರೆ ಕಾರಣ ತಿಳಿದವರೆಲ್ಲ ಒಪ್ಪುತ್ತಾರೆ ಎಂಬ ಇನ್ನರ್ಧವನ್ನು ಆಯೋಗದ ಇತಿಹಾಸವೇ ಸುಳ್ಳಾಗಿಸುತ್ತದೆ. ಪರವಿರೋಧದ ಪ್ರತಿ ವಾದವನ್ನೂ ಮೂರು ವರ್ಷ ಅರೆದು ಕುಡಿದವರು ಅವರು. ಪೋಪರೇ ಆರಿಸಿದ ನಿಷ್ಠಾವಂತರು. ಅವರಲ್ಲಿ ಬಹುಮತ ಬದಲಾವಣೆ ಕೇಳಿತು, ಅಲ್ಪಮತ ಬೇಡವೆಂದಿತು. ಇಬ್ಬರೂ ಅಷ್ಟೇ ತಿಳಿದವರು. 2014ರ ಕುಟುಂಬ ಕುರಿತ ಧರ್ಮಾಧ್ಯಕ್ಷರ ಸಭೆಗೆ, ಅಂದರೆ ಸಿನಡ್‌ಗೆ, ಮುನ್ನ ಜಗತ್ತಿನಾದ್ಯಂತ ಪ್ರಶ್ನಾವಳಿ ಕಳಿಸಿ ವ್ಯಾಟಿಕನ್ ಸಿದ್ಧಪಡಿಸಿದ ದಾಖಲೆಯೂ ಇದನ್ನು ನೇರವಾಗಿ ಒಪ್ಪಿಕೊಂಡಿತು: ಧರ್ಮಸಭೆಯ ಬೋಧನೆ ಅನೇಕರಿಗೆ ಸರಿಯಾಗಿ ಗೊತ್ತಿಲ್ಲ, ಗೊತ್ತಿದ್ದ ಕಡೆಯೂ ಅನೇಕರಿಗೆ ಅದನ್ನು ಪೂರ್ತಿಯಾಗಿ ಸ್ವೀಕರಿಸಲು ಕಷ್ಟವಾಗುತ್ತಿದೆ. ಎರಡು ವಾಕ್ಯ, ಎರಡು ಸಮಸ್ಯೆ.

ತಿಳಿದೂ ಒಪ್ಪದಿರಲು ಕಾರಣಗಳು ಬೇರೆಯೇ ಇವೆ. ಬದುಕಿನ ಅನುಭವ ಒಂದು. ಕಲಿಸುವವರ ಮೇಲಿನ ವಿಶ್ವಾಸ ಇನ್ನೊಂದು, ಬಹುಶಃ ಅದೇ ದೊಡ್ಡದು. ಇಡೀ ಧರ್ಮಸಭೆಗೆ ಒಂದೇ ಧರ್ಮೋಪದೇಶ ಗ್ರಂಥ ಬೇಕೆಂದು 1985ರ ಸಿನಡ್‌ನಲ್ಲಿ ಮುಂದೆ ನಿಂತು ಕೇಳಿದವರು ಬಾಸ್ಟನ್ನಿನ ಕಾರ್ಡಿನಲ್ ಬರ್ನಾರ್ಡ್ ಲಾ. 1992ರಲ್ಲಿ ಪ್ರಕಟವಾದ ಆ ಗ್ರಂಥ ನಿಜಕ್ಕೂ ಮಹತ್ವದ ಕೃತಿ. ಹತ್ತು ವರ್ಷಗಳ ನಂತರ, 2002ರ ಜನವರಿಯಿಂದ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಅದೇ ಕಾರ್ಡಿನಲ್ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದುದನ್ನು ದಾಖಲೆ ಸಮೇತ ಬಯಲಿಗೆಳೆಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಲೈಂಗಿಕ ನೀತಿಯ ಬಗ್ಗೆ ಸಂಪೂರ್ಣವಾದ, ದೋಷವಿಲ್ಲದ ಪುಸ್ತಕವನ್ನು ಜನರ ಕೈಗಿತ್ತ ಮಾತ್ರಕ್ಕೆ, ಆ ವಿಷಯದಲ್ಲಿ ಮಾತಾಡುವ ನೈತಿಕ ಅಧಿಕಾರ ಕಳೆದುಕೊಂಡ ಸಂಸ್ಥೆಗೆ ಆ ಅಧಿಕಾರ ಮರಳಿ ಬರುವುದಿಲ್ಲ.

ಭಿನ್ನಮತ ಉದಾರವಾದಿಗಳ ಸೊತ್ತು ಎಂಬ ಭಾವನೆಯನ್ನೂ ಬಿಡಬೇಕು. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿ ಮರಣದಂಡನೆ ಸ್ವೀಕಾರಾರ್ಹವಲ್ಲ ಎಂದು ಬರೆಸಿದರು. ಅದೇ ವರ್ಷದ ಪ್ಯೂ ಸಮೀಕ್ಷೆಯಲ್ಲಿ ಅಮೆರಿಕದ ಕಥೋಲಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರಣದಂಡನೆಯ ಪರವಿದ್ದರು. ಗರ್ಭನಿರೋಧದಲ್ಲಿ ಬೋಧನೆಯನ್ನು ಎತ್ತಿಹಿಡಿಯುವ ಅನೇಕರು ಇಲ್ಲಿ ಆಕ್ಷೇಪ ಎತ್ತಿದರು. ಎಲ್ಲ ಬೋಧನೆಗಳಿಗೂ ಒಂದೇ ತೂಕವಿಲ್ಲ, ಪರಿಪೂರ್ಣ ಸಿದ್ಧಾಂತ ಬೇರೆ, ವಿವೇಕದ ನಿರ್ಣಯ ಬೇರೆ ಎಂದರು. ಅವರು ಹೇಳಿದ್ದರಲ್ಲಿ ತಿರುಳಿದೆ. ಧರ್ಮಸಭೆಯ ಕಾನೂನೇ ಬೋಧನೆಗಳಲ್ಲಿ ಶ್ರೇಣಿಗಳನ್ನು ಗುರುತಿಸುತ್ತದೆ. ಕ್ರಿಸ್ತನ ಪುನರುತ್ಥಾನವನ್ನು ಅಲ್ಲಗಳೆಯುವುದೂ ಗುರುಗಳ ಬ್ರಹ್ಮಚರ್ಯದ ನಿಯಮ ಬದಲಾಗಲಿ ಎನ್ನುವುದೂ ಒಂದೇ ಅಲ್ಲ. ಎರಡನೆಯದು ಶಿಸ್ತಿನ ನಿಯಮ, ಪೂರ್ವದ ಹಲವು ಕಥೋಲಿಕ ಧರ್ಮಸಭೆಗಳಲ್ಲಿ ವಿವಾಹಿತ ಗುರುಗಳು ಇಂದಿಗೂ ಇದ್ದಾರೆ. ಆದರೆ ಈ ವ್ಯತ್ಯಾಸ ಮಾಡಲು ಬರುವುದು ಚೆನ್ನಾಗಿ ಕಲಿತವರಿಗೆ ಮಾತ್ರ. ಅರೆಬರೆ ಕಲಿತವನಿಗೆ ಎಲ್ಲವೂ ಪೋಪರ ಆಜ್ಞೆ, ಅಥವಾ ಎಲ್ಲವೂ ಪೋಪರ ಅಭಿಪ್ರಾಯ. ಒಂದನ್ನು ಬಿಟ್ಟರೆ ಎಲ್ಲವನ್ನೂ ಬಿಡಬೇಕು ಎಂದು ಅವನು ತಿಳಿಯುತ್ತಾನೆ, ಹಾಗೆಯೇ ಬಿಟ್ಟು ಹೋಗುತ್ತಾನೆ.

ಆದ್ದರಿಂದಲೇ ಇನ್ನೊಂದು ಬದಿಯವರ ನಿರಾಳತೆಯನ್ನೂ ನಾನು ಒಪ್ಪಲಾರೆ. ಅಂತಃಸಾಕ್ಷಿ ಇದೆಯಲ್ಲ, ಸಿದ್ಧಾಂತದ ಪಾಠ ಯಾಕೆ ಎನ್ನುವವರಿದ್ದಾರೆ. ಅವರು ಹೆಚ್ಚಾಗಿ ನೆನೆಯುವುದು ಕಾರ್ಡಿನಲ್ ನ್ಯೂಮನ್ ಅವರನ್ನು. ಸಿದ್ಧಾಂತದ ವಿಷಯದಲ್ಲಿ ಸಾಮಾನ್ಯ ವಿಶ್ವಾಸಿಗಳ ಅಭಿಪ್ರಾಯಕ್ಕೂ ಬೆಲೆಯಿದೆ ಎಂದು ನ್ಯೂಮನ್ 1859ರಲ್ಲಿ ಬರೆದು ರೋಮಿನ ಅನುಮಾನಕ್ಕೆ ಗುರಿಯಾದದ್ದು ನಿಜ. ಆದರೆ ಅವರು ಕೊಟ್ಟ ನಿದರ್ಶನವನ್ನು ಗಮನಿಸಬೇಕು. ನಾಲ್ಕನೆಯ ಶತಮಾನದಲ್ಲಿ ಆರಿಯಸ್‌ನ ವಾದ ಹರಡಿ ಅನೇಕ ಧರ್ಮಾಧ್ಯಕ್ಷರು ತಡವರಿಸಿದಾಗ ಕ್ರಿಸ್ತನ ದೈವತ್ವವನ್ನು ಹಿಡಿದು ನಿಂತವರು ಜನಸಾಮಾನ್ಯರು ಎಂದರು ಅವರು. ಆ ಜನ ದೀಕ್ಷಾಸ್ನಾನಕ್ಕೆ ಮುನ್ನ ದೀರ್ಘ ಕಾಲ ಕಲಿತವರು, ತಾವು ಏನನ್ನು ನಂಬುತ್ತೇವೆ ಎಂದು ಬಲ್ಲವರು. ಜನರ ದನಿಗೆ ಧರ್ಮಸಭೆಯಲ್ಲಿ ತೂಕ ಬರುವುದು ಆ ದನಿಯಲ್ಲಿ ಅರಿವು ಇದ್ದಾಗ. ಪರಮಪ್ರಸಾದದ ಅರ್ಥವೇ ತಿಳಿಯದ ಶೇ 43 ಮಂದಿಯ ಉತ್ತರವನ್ನು ಯಾರೂ ವಿಶ್ವಾಸಿಗಳ ಸಾಕ್ಷ್ಯವೆಂದು ಎತ್ತಿ ತೋರಿಸಲಾಗದು. ಕ್ರೌಲಿ ದಂಪತಿ ಹೊತ್ತು ತಂದ ಪತ್ರಗಳನ್ನು ಖಂಡಿತ ತೋರಿಸಬಹುದು. ಕಳಪೆ ಧರ್ಮೋಪದೇಶ ಭಿನ್ನಮತವನ್ನು ಹುಟ್ಟಿಸುವುದಿಲ್ಲ, ಅದನ್ನು ಬಡವಾಗಿಸುತ್ತದೆ. ಒಪ್ಪಿಗೆಯನ್ನೂ ಅಷ್ಟೇ ಬಡವಾಗಿಸುತ್ತದೆ.

ಹೀಗಿರುವಾಗ ಧರ್ಮೋಪದೇಶವನ್ನು ವಿಧೇಯತೆ ಬೆಳೆಸುವ ಸಾಧನವೆಂದು ಕಾಣುವುದನ್ನು ಅಮೆರಿಕದ ಧರ್ಮಾಧ್ಯಕ್ಷರು ನಿಲ್ಲಿಸಬೇಕು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಅದು ಸಲ್ಲಬೇಕಾದ ಹಕ್ಕು, ಆ ವ್ಯಕ್ತಿ ಕೊನೆಗೆ ಒಪ್ಪಲಿ ಬಿಡಲಿ. ಬೋಧನೆಯ ಜೊತೆಗೆ ಅದರ ಕಾರಣ, ಅದರ ಇತಿಹಾಸ, ಅದರ ವಿರುದ್ಧ ಬಂದ ಪ್ರಾಮಾಣಿಕ ವಾದಗಳು ತರಗತಿಯೊಳಗೇ ಬರಬೇಕು. 1966ರ ಆಯೋಗದ ಕಥೆಯನ್ನು ಮುಚ್ಚಿಟ್ಟು 1968ರ ವಿಶ್ವಪತ್ರವನ್ನು ಕಲಿಸಿದರೆ ಕೇಳುವವರು ಅದನ್ನು ಬೇರೆ ಕಡೆಯಿಂದ ತಿಳಿದುಕೊಳ್ಳುತ್ತಾರೆ, ಆಗ ಉಳಿದ ಪಾಠದ ಮೇಲಿನ ನಂಬಿಕೆಯೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ಇವು ಹನ್ನೆರಡರ ಮಕ್ಕಳ ಪ್ರಶ್ನೆಗಳಲ್ಲ. ಮದುವೆಯಾದವರ, ತಂದೆತಾಯಂದಿರ, ಸಾವನ್ನು ಹತ್ತಿರದಿಂದ ಕಂಡವರ ಪ್ರಶ್ನೆಗಳು. ಮಕ್ಕಳ ಧಾರ್ಮಿಕತೆಯನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ರೂಪಿಸುವವರು ಅವರ ತಂದೆತಾಯಂದಿರು ಎಂದು ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಅವರ ದೀರ್ಘ ಅಧ್ಯಯನಗಳೂ ತೋರಿಸಿವೆ. ಹಿರಿಯರಿಗೆ ಕಲಿಸದೆ ಕಿರಿಯರಿಗೆ ಕಲಿಸಲಾಗದು. ಇದೇನೂ ಹೊಸ ಸಲಹೆಯಲ್ಲ. ವಯಸ್ಕರಿಗೆ ನೀಡುವ ಧರ್ಮೋಪದೇಶವೇ ಧರ್ಮೋಪದೇಶದ ಪ್ರಧಾನ ರೂಪ ಎಂದು ವ್ಯಾಟಿಕನ್ 1971ರ ತನ್ನ ನಿರ್ದೇಶಿಕೆಯಲ್ಲಿ ಬರೆದಿದೆ. ಅಮೆರಿಕದ ಧರ್ಮಾಧ್ಯಕ್ಷರು 1999ರಲ್ಲಿ ಅದಕ್ಕಾಗಿಯೇ ಒಂದು ಯೋಜನೆಯನ್ನು ಪ್ರಕಟಿಸಿದ್ದಾರೆ. ಆದರೂ ಅಲ್ಲಿನ ಬಹುಪಾಲು ಧರ್ಮಕೇಂದ್ರಗಳಲ್ಲಿ ಪಾಠದ ಕೋಣೆ ಇಂದಿಗೂ ಮಕ್ಕಳಿಗೆ ಮೀಸಲು, ದೃಢೀಕರಣ ಸಂಸ್ಕಾರದ ದಿನವೇ ಹೆಚ್ಚಿನವರ ಪಾಲಿಗೆ ಕೊನೆಯ ಪಾಠದ ದಿನ.